ಸಾಕು ಅಂದವರ ಎಲೆಗೆ ಇನ್ನೊಂದು ಹೋಳಿಗೆ

ಹೊನ್ನಾಳಿಯ ಕಾಲೇಜೊಂದರಲ್ಲಿ ನಾನು ಮನಃಶಾಸ್ತ್ರ ಕಲಿಸುತ್ತೇನೆ. ಎರಡನೆಯ ವರ್ಷದವರಿಗೆ ಒಂದು ಪಾಠವಿದೆ: ಎದುರಿಗಿರುವವರ ಉದ್ದೇಶವನ್ನು ನಮ್ಮ ಮಿದುಳು ಹೇಗೆ ತಿಳಿಯುತ್ತದೆ ಎಂಬುದು. ಕಿವಿಯ ಹಿಂದೆ, ತುಸು ಮೇಲೆ, ಮಿದುಳಿನ ಒಂದು ಭಾಗ ಈ ಕೆಲಸದಲ್ಲಿ ಮುಖ್ಯವಂತೆ. ಒಬ್ಬರು ಲೋಟಕ್ಕೆ ಕೈ ಚಾಚಿದರೆ ಕುಡಿಯಲು ಚಾಚಿದರೋ ತೊಳೆಯಲು ಚಾಚಿದರೋ ಎಂದು, ಅವರು ಬಾಯಿ ಬಿಡುವ ಮೊದಲೇ ನಮ್ಮ ತಲೆ ಒಂದು ಅಂದಾಜು ಕಟ್ಟಿರುತ್ತದೆ. ನನ್ನ ತಲೆಯಲ್ಲಿರುವುದೇ ಇನ್ನೊಬ್ಬರ ತಲೆಯಲ್ಲೂ ಇರಬೇಕಾಗಿಲ್ಲ ಎಂಬ ತಿಳಿವಳಿಕೆ ಮಕ್ಕಳಿಗೆ ನಾಲ್ಕೈದು ವರ್ಷಕ್ಕೆ ಬರುತ್ತದೆ. ಪಾಠ ಇಲ್ಲಿಗೆ ಬಂದಾಗ ಪ್ರತಿ ವರ್ಷವೂ ನಾನು ಒಂದೆರಡು ಸಲ ಕೆಮ್ಮುತ್ತೇನೆ. ವಿದ್ಯಾರ್ಥಿಗಳು ಅದನ್ನು ಗಂಟಲಿನ ತೊಂದರೆ ಅಂದುಕೊಂಡಿದ್ದಾರೆ. ಆಗ ನನಗೆ ನೆನಪಾಗುವುದು ಒಬ್ಬ ವ್ಯಕ್ತಿ. ಅರವತ್ತು ದಾಟಿದರೂ ಅವರಿಗೆ ಆ ನಾಲ್ಕೈದು ವರ್ಷ ತುಂಬಿಲ್ಲವೆಂದು ನಾನು ಬಹಳ ಕಾಲ ನಂಬಿದ್ದೆ.

ಅವರು ಕಳೆದ ತಿಂಗಳು ತೀರಿಕೊಂಡರು. ಬಸವಾಪಟ್ಟಣದಲ್ಲಿ ಅವರ ಮನೆಗೂ ನನ್ನ ತವರುಮನೆಗೂ ನಡುವೆ ಒಂದೇ ಗೋಡೆ. ನಮ್ಮದು ರಕ್ತಸಂಬಂಧವಲ್ಲ, ಗೋಡೆಸಂಬಂಧ. ಅಪ್ಪನಿಗಿಂತ ನಾಲ್ಕು ವರ್ಷ ದೊಡ್ಡವರಾದ್ದರಿಂದ ನಮಗೆ ದೊಡ್ಡಪ್ಪ. ಚನ್ನಗಿರಿಯ ಒಂದು ಸೀರೆ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಕೆಲಸ ಮಾಡಿದರು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದರು. ಅಂಗಡಿಗೆ ರಜೆ ಇದ್ದ ದಿನ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಯಾರದಾದರೂ ಮದುವೆಮನೆಯಲ್ಲಿ ಬಡಿಸಲು ನಿಲ್ಲುತ್ತಿದ್ದರು. ಅದಕ್ಕೆ ಯಾರೂ ಕರೆಯಬೇಕಾಗಿರಲಿಲ್ಲ. ಕರೆಯದಿದ್ದರೆ ‘ಸಂಕೋಚ ಮಾಡ್ಕೊಂಡಾರೆ’ ಎಂದು ಅವರೇ ತಿಳಿದುಕೊಂಡು ಹೋಗುತ್ತಿದ್ದರು.

ಬಡಿಸುವುದರಲ್ಲಿ ಅವರದೇ ಒಂದು ಶಾಸ್ತ್ರವಿತ್ತು. ನಮ್ಮ ಕಡೆ ಊಟಕ್ಕೆ ಕೂತವರು ಯಾರೂ ‘ಇನ್ನೊಂದು ಹಾಕಿ’ ಅನ್ನುವುದಿಲ್ಲ. ಹಾಗೆ ಅಂದರೆ ಮನೆಯಲ್ಲಿ ಊಟಕ್ಕಿಲ್ಲದವರು ಎಂದಾಗುತ್ತದೆ. ‘ಸಾಕು’ ಎಂದೇ ಶುರು ಮಾಡಬೇಕು. ಆ ‘ಸಾಕು’ಗಳನ್ನು ದೊಡ್ಡಪ್ಪ ವಿಂಗಡಿಸಿದ್ದರು.

“ಮೊದ್ಲನೇ ಸಾಕು ಬಾಯಿಂದು. ಅದು ಮರ್ಯಾದೆಗೆ. ಎರಡ್ನೇದು ಕೈಯಿಂದು, ಪಕ್ಕದಾಗೆ ಕುಂತೋರಿಗೆ ಕಾಣ್ಲಿ ಅಂತ. ಮೂರ್ನೇದು ಮೈಯಿಂದು, ಎಲೆ ಮ್ಯಾಲೆ ಪೂರಾ ಬಗ್ಗಿಬಿಡ್ತಾರೆ. ಆಗ ಅರ್ಧ ಹೋಳ್ಗೆ ಹಾಕಾಕೆ ಅಡ್ಡಿಲ್ಲ.”

“ನಿಜವಾಗ್ಲೂ ಸಾಕಾಗಿರೋರು ಏನು ಮಾಡ್ಬೇಕು ದೊಡ್ಡಪ್ಪ?” ಎಂದು ಒಮ್ಮೆ ಕೇಳಿದ್ದೆ.

ಅವರು ಹೆಗಲ ಟವೆಲ್ ಸರಿಮಾಡಿಕೊಂಡು, “ಅಂಥೋರು ಊಟಕ್ಕೆ ಬರಬಾರ್ದವ್ವ,” ಅಂದರು.

ಹೊನ್ನಾಳಿಯಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಕೂತಿದ್ದರು. “ನನಗೆ ಸಕ್ಕರೆ ಕಾಯಿಲೆ ಐತ್ರಿ, ಹೋಳ್ಗೆ ಬ್ಯಾಡ್ರಿ,” ಎಂದು ಸ್ಪಷ್ಟವಾಗಿ ಹೇಳಿದರು. ದೊಡ್ಡಪ್ಪ ಅವರ ಕಣ್ಣು ನೋಡಿದರು, ಆಮೇಲೆ ಎರಡು ಹೋಳಿಗೆ ಹಾಕಿ ಮೇಲೆ ತುಪ್ಪ ಸುರಿದರು. ಮೇಷ್ಟ್ರು ‘ಅಯ್ಯೋ ಏನ್ರೀ ಇದು’ ಅನ್ನುತ್ತಲೇ ಎರಡನ್ನೂ ತಿಂದರು. ಹೆಂಗಸರ ಪಂಕ್ತಿಯಿಂದ ಮೇಷ್ಟ್ರ ಹೆಂಡತಿ ಎದ್ದು ಬಂದು ದೊಡ್ಡಪ್ಪನನ್ನು ನಾಲ್ಕು ಜನರ ಮುಂದೆ ಬೈದರು. ದೊಡ್ಡಪ್ಪ ಒಂದಿಷ್ಟೂ ನೊಂದುಕೊಳ್ಳಲಿಲ್ಲ.

“ಬಾಯಿ ಬ್ಯಾಡ ಅಂತೈತೆ, ಕಣ್ಣು ಹೋಳ್ಗೆ ಬುಟ್ಟಿ ಬಿಟ್ಟು ಕದಲ್ತಿಲ್ಲ. ನಾನು ಯಾರ ಮಾತು ಕೇಳ್ಬೇಕು? ಆ ತಾಯಿಗೂ ಇನ್ನೊಂದು ಹೋಳ್ಗೆ ಬೇಕಾಗಿತ್ತು, ಅದಕ್ಕೇ ಎದ್ದು ಬಂದ್ಲು,” ಅಂದರು. ನಾಚಿಕೆಯಿಲ್ಲದ ಮಾತು. ಆದರೆ ಆಮೇಲೆ ಆ ತಾಯಿಯ ಎಲೆಗೆ ಅವರು ಹೋಳಿಗೆ ಹಾಕಿದಾಗ ಆಕೆ ಎರಡು ಸಲ ಮಾತ್ರ ‘ಸಾಕು’ ಅಂದದ್ದನ್ನು ನಾನೇ ನೋಡಿದ್ದೇನೆ.

ಅಂಗಡಿಯಲ್ಲೂ ಇದೇ ವಿದ್ಯೆ. ಹೆಂಗಸರು ‘ಬಣ್ಣ ಸರಿ ಇಲ್ಲ ಬ್ಯಾಡ್ರಿ’ ಅನ್ನುವಾಗ ದೊಡ್ಡಪ್ಪ ಅವರ ಮುಖ ನೋಡುತ್ತಿರಲಿಲ್ಲ, ಬೆರಳು ನೋಡುತ್ತಿದ್ದರು. ಸೀರೆಯ ಅಂಚನ್ನು ಎರಡು ಬೆರಳು ಹಿಡಿದುಕೊಂಡೇ ಇದ್ದರೆ ಸುಮ್ಮನೆ ಮಡಚಿ ಕಟ್ಟಿಬಿಡುತ್ತಿದ್ದರು. ಹತ್ತರಲ್ಲಿ ಒಂಬತ್ತು ಜನ ತೆಗೆದುಕೊಂಡು ಹೋಗುತ್ತಿದ್ದರು. ಹತ್ತನೆಯವರು ಮರುದಿನ ಸೀರೆ ವಾಪಸ್ಸು ಕೊಡಲು ಬಂದರೆ, ‘ಇನ್ನೊಂದು ನೋಡಾಕೆ ಬಂದಾರೆ, ಬಾಯಿಬಿಟ್ಟು ಹೇಳಾಕೆ ನಾಚಿಕೆ’ ಎಂದು ಅರ್ಥ ಮಾಡಿಕೊಂಡು ಹೊಸದೊಂದು ರಾಶಿ ಬಿಚ್ಚುತ್ತಿದ್ದರು. ಹಾಗಾಗಿ ಅವರ ಅಂದಾಜು ಸುಳ್ಳಾದ ಒಂದೇ ಒಂದು ಉದಾಹರಣೆಯೂ ಇರಲಿಲ್ಲ. ಈಗ ನಾನು ಓದುವ ವಿಜ್ಞಾನದಲ್ಲಿ ಅಂಥ ಸಿದ್ಧಾಂತವನ್ನು ಅನುಮಾನದಿಂದ ನೋಡಬೇಕು ಎನ್ನುತ್ತಾರೆ. ನಮ್ಮ ಓಣಿಯಲ್ಲಿ ಅದನ್ನು ಅನುಭವ ಅನ್ನುತ್ತಿದ್ದರು.

ಅನುಭವಸ್ಥರೆಂದ ಮೇಲೆ ಜನ ಬಿಡುತ್ತಾರೆಯೇ? ಸಂಜೆ ಅವರು ಕೈಕಾಲು ತೊಳೆದು ಜಗಲಿಗೆ ಕೂರುವುದೇ ತಡ, ಬೇರೆಯವರ ಮಾತುಗಳನ್ನು ಹೊತ್ತುಕೊಂಡು ಒಬ್ಬೊಬ್ಬರಾಗಿ ಬರುತ್ತಿದ್ದರು. ಮಗನ ಬೀಗರು ಫೋನಿನಲ್ಲಿ ‘ನಿಮ್ಮಿಷ್ಟ’ ಅಂದರಂತೆ, ಅದರರ್ಥ ಇಷ್ಟವೋ ಸಿಟ್ಟೋ? ನ್ಯಾಮತಿಯ ತಂಗಿ ಗೃಹಪ್ರವೇಶಕ್ಕೆ ‘ಪುರುಸೊತ್ತಾದ್ರೆ ಬರ್ರಿ’ ಅಂದಳಂತೆ. ಅದು ಕರೆಯೋ, ಕರೆಯದೇ ಇರುವ ಉಪಾಯವೋ? ದೊಡ್ಡಪ್ಪ ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದರು: “ನಿಮಗೇನನ್ನಿಸ್ತು?” ಬಂದವರು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿ, ಆಮೇಲೆ ತೀರ್ಪು ಕೊಡುತ್ತಿದ್ದರು. ಅಲ್ಲಿಂದ ಬೇಜಾರಾಗಿ ಎದ್ದುಹೋದವರನ್ನು ನಾನು ಕಾಣೆ. ಈಚೆಗೆ ಮೊಬೈಲು ಬಂದ ಮೇಲಂತೂ ಕೆಲಸ ಹೆಚ್ಚಾಗಿತ್ತು. “ಕೈ ಮುಗಿದಿರೋ ಚಿತ್ರ ಕಳ್ಸ್ಯಾರೆ ಅಂದ್ರೆ ನಮಸ್ಕಾರ ಅಂತ ತಿಳಿಬ್ಯಾಡ್ರಿ. ‘ಇನ್ನು ಮಾತು ಮುಗಿಸ್ರಿ’ ಅಂತ ಅರ್ಥ,” ಎಂದು ಇಡೀ ಓಣಿಗೆ ಕಲಿಸಿಕೊಟ್ಟಿದ್ದರು. ನೇರವಾಗಿ ಆ ತಂಗಿಗೇ ಫೋನು ಮಾಡಿ ಕೇಳಬಾರದೇ ಎಂದು ಯಾರಾದರೂ ಅಂದರೆ ನಮ್ಮವರು ಹೌಹಾರುತ್ತಿದ್ದರು. ಮನಸ್ಸಿನಲ್ಲಿ ಏನಿದೆ ಎಂದು ಮನಸ್ಸಿದ್ದವರನ್ನೇ ಕೇಳುವುದು ನಮ್ಮ ಕಡೆ ಒರಟುತನ.

ಹದಿನಾರು ವರ್ಷದ ಹಿಂದೆ ನನ್ನ ಪಾಲಿನ ತೀರ್ಪೂ ಅದೇ ಜಗಲಿಗೆ ಬಂತು.

ಆಗ ನನ್ನ ಬಿ.ಎ. ಮುಗಿದಿತ್ತು. ಎಂ.ಎ.ಗೆ ಮೈಸೂರಿನಲ್ಲಿ ಸೀಟು ಸಿಕ್ಕಿದೆ ಎಂಬ ಪತ್ರ ಬಂದಿತ್ತು. ಶನಿವಾರದೊಳಗೆ ಹೋಗಿ ಸೇರಿಕೊಳ್ಳಬೇಕು, ಇಲ್ಲದಿದ್ದರೆ ಸೀಟು ಇನ್ನೊಬ್ಬರಿಗೆ. ಅದಕ್ಕೆ ಮೊದಲಿನ ಭಾನುವಾರ ಜಗಳೂರಿನಿಂದ ನನ್ನನ್ನು ನೋಡಲು ಒಂದು ಗಂಡು ಬಂತು. ಒಳ್ಳೆಯ ಮನೆತನ, ಹುಡುಗನಿಗೆ ಸರ್ಕಾರಿ ನೌಕರಿ. ಎರಡರಲ್ಲಿ ಒಂದು ಮಾತ್ರ ಸಾಧ್ಯ ಎಂದು ನನಗೂ ಗೊತ್ತಿತ್ತು, ಮನೆಯವರಿಗೂ ಗೊತ್ತಿತ್ತು. ಮೈಸೂರಿನ ಪತ್ರವನ್ನು ನಾನು ಮಡಚಿ ರವಿಕೆಯೊಳಗೆ ಇಟ್ಟುಕೊಂಡೇ ಓಡಾಡುತ್ತಿದ್ದೆ.

ಮೇಷ್ಟ್ರಾಗಿದ್ದ ನಮ್ಮಪ್ಪ ಕೆಟ್ಟವರಲ್ಲ. ಮಗಳನ್ನು ಹೊಡೆದು ಬಡಿದು ಒಪ್ಪಿಸುವ ಪೈಕಿ ಅಲ್ಲವೇ ಅಲ್ಲ. ಮಗಳು ತಾನಾಗಿಯೇ ಒಪ್ಪಬೇಕು ಎಂಬುದು ಅವರ ಆಸೆ. ಒಪ್ಪಲೇಬೇಕು ಎಂಬುದೂ ಅವರದೇ ಆಸೆ. ಈ ಎರಡನ್ನೂ ಒಟ್ಟಿಗೆ ನಡೆಸಿಕೊಡಬಲ್ಲವರು ಊರಿನಲ್ಲಿ ಒಬ್ಬರೇ ಇದ್ದರು. ಅಪ್ಪ ಅವರನ್ನೇ ಕರೆದು ಪಡಸಾಲೆಯ ಮೂಲೆಯಲ್ಲಿ ಕೂರಿಸಿದರು.

ನಾನು ಉಪ್ಪಿಟ್ಟಿನ ತಟ್ಟೆಗಳನ್ನು ಇಟ್ಟು ಒಳಗೆ ಹೋಗುವಾಗ ಒಮ್ಮೆ ತಿರುಗಿ ನೋಡಿದೆ. ಹುಡುಗ ಕೂತಿದ್ದ ಕುರ್ಚಿಯ ನೇರಕ್ಕೆ, ಮೇಲೆ, ನಮ್ಮ ಮನೆಯ ಗಡಿಯಾರವಿತ್ತು. ಇವರು ಹೊರಟ ಮೇಲೆ ಗೆಳತಿಯ ಮನೆಗೆ ಓಡಿ ಮೈಸೂರಿನ ಹಾಸ್ಟೆಲ್ಲಿಗೆ ಫೋನು ಮಾಡಲು ಹೊತ್ತು ಸಿಗುತ್ತದೆಯೇ ಎಂಬುದು ನನ್ನ ಲೆಕ್ಕ. ಗಂಡಿನ ಕಡೆಯವರು ಹೊರಟ ಕೂಡಲೇ ದೊಡ್ಡಪ್ಪ, “ಹುಡುಗಿ ಒಪ್ಪ್ಯಾಳೆ. ತಿರುಗಿ ನೋಡಿದ್ಲು,” ಎಂದು ಸಾರಿದರು. ಅಪ್ಪನ ಮುಖ ಅರಳಿತು.

“ನಂಗೆ ಬ್ಯಾಡ. ನಾನು ಓದಾಕೆ ಹೋಗ್ತೀನಿ. ಬೆಳಗ್ಗಿಂದ ಐದು ಸಲ ಹೇಳೀನಿ,” ಅಂದೆ.

“ಕೇಳಿದ್ಯೇನಪ್ಪ,” ಎಂದು ದೊಡ್ಡಪ್ಪ ಅಪ್ಪನ ಕಡೆ ತಿರುಗಿದರು. “ಒಂದು ಸಲ ಬ್ಯಾಡ ಅಂದ್ರೆ ಬ್ಯಾಡ ಇರಬೌದು. ಐದು ಸಲ ಅಂದ್ರೆ ಮನಸಿನಾಗೆ ಏನೋ ಐತೆ.”

ನಾನು ಅತ್ತೆ. ತವರು ಬಿಡುವ ಸಂಕಟ ಎಂದರು. ಮರುದಿನ ಮಾತು ಬಿಟ್ಟೆ. ಮೌನಂ ಸಮ್ಮತಿ ಲಕ್ಷಣಂ ಎಂದರು. ಮಂಗಳವಾರ ಊಟದ ತಟ್ಟೆ ತಳ್ಳಿದೆ. “ಮದ್ವಿ ಗೊತ್ತಾದ ಹುಡುಗೀರಿಗೆ ಊಟ ಸೇರಾಕಿಲ್ಲ,” ಎಂದು ದೊಡ್ಡಮ್ಮನಿಗೆ ವಿವರಿಸುತ್ತಿದ್ದದ್ದು ಗೋಡೆಯಾಚೆಯಿಂದ ಕೇಳಿಸಿತು. ನನ್ನ ಯಾವ ‘ಇಲ್ಲ’ಕ್ಕೂ ಅವರ ಬಳಿ ಒಂದು ‘ಹೂಂ’ ತಯಾರಿರುತ್ತಿತ್ತು.

ಆಗ ನಾನೊಂದು ಬುದ್ಧಿವಂತಿಕೆ ಮಾಡಿದೆ. ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಬೇಡ ಅಂದರೆ ಬೇಕು ಎಂದು ತಿಳಿಯುವ ಮನುಷ್ಯ, ಬೇಕು ಅಂದರೆ ಬೇಡ ಎಂದು ತಿಳಿಯಲೇಬೇಕಲ್ಲ? ಬುಧವಾರ ಜಗಲಿಗೆ ಹೋಗಿ, “ಆತು ದೊಡ್ಡಪ್ಪ. ನಂಗೆ ಒಪ್ಪಿಗೆ,” ಅಂದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದರು. ಆಮೇಲೆ ಗೋಡೆಗೆ ಎರಡು ಗುದ್ದು ಗುದ್ದಿ ಅಪ್ಪನನ್ನು ಕರೆದರು. “ತಗಳಪ್ಪ. ಬಾಯಿಬಿಟ್ಟೇ ಹೇಳಿದ್ಲು.” ಅಪ್ಪ ಆ ಕ್ಷಣವೇ ಜಗಳೂರಿಗೆ ಫೋನು ಮಾಡಿದರು. ಮರುದಿನವೇ ಸೀರೆ, ಹೂವು, ಎಲೆಯಡಿಕೆ ತೆಗೆದುಕೊಂಡು ಬಂದು ಒಪ್ಪಿಗೆ ಶಾಸ್ತ್ರ ಮುಗಿಸುವುದೆಂದು ಮಾತಾಯಿತು. ರವಿಕೆಯೊಳಗಿನ ಪತ್ರ ಅಷ್ಟರಲ್ಲಿ ಬೆವರಿಗೆ ಮೆತ್ತಗಾಗಿತ್ತು.

ಗುರುವಾರ ಅವರು ಬಂದರು. ಶಾಸ್ತ್ರಕ್ಕೆ ಮೊದಲು ಹುಡುಗ, “ಅವ್ರ ಜೊತೆ ಎರಡು ಮಾತಾಡ್ಬೇಕ್ರಿ,” ಎಂದು ಕೇಳಿದ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡಪ್ಪ ಹಿತ್ತಲ ಬಾಗಿಲಲ್ಲಿ ಕಾವಲು ನಿಲ್ಲುವುದೆಂದೂ ನಾವು ನೀರಿನ ಡ್ರಮ್ಮಿನ ಪಕ್ಕ ನಿಂತು ಮಾತಾಡುವುದೆಂದೂ ತೀರ್ಮಾನವಾಯಿತು.

“ನಿಮಗೆ ಮನಸೈತೇನ್ರಿ?” ಎಂದು ಅವನು ಕೇಳಿದ.

ಆ ವಾರದಲ್ಲಿ ಆ ಪ್ರಶ್ನೆಯನ್ನು ನನಗೆ ಕೇಳಿದವನು ಅವನೊಬ್ಬನೇ. ಎಲ್ಲರೂ ನನ್ನ ಮನಸ್ಸನ್ನು ಓದುತ್ತಿದ್ದರು, ಕೇಳಿದವರಿಲ್ಲ.

“ಇಲ್ರಿ. ಓದಾಕೆ ಹೋಗ್ಬೇಕು. ಶನಿವಾರ ಕೊನೇ ದಿನ,” ಅಂದೆ.

“ಸರಿ ರೀ,” ಅಂದ. ಹಿತ್ತಲ ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, “ನನಗೇ ಬ್ಯಾಡ ಅಂತ ನಾನೇ ಹೇಳ್ತೀನಿ ಬಿಡ್ರಿ. ನಿಮ್ಮ ಮ್ಯಾಲೆ ಬರಾದು ಬ್ಯಾಡ,” ಅಂದ. ನಿಜ ಹೇಳುತ್ತೇನೆ, ಆ ಒಂದು ಗಳಿಗೆಯಲ್ಲಿ ಇವನನ್ನೇ ಮದುವೆಯಾಗಬಹುದಿತ್ತಲ್ಲ ಅನ್ನಿಸಿತು. ಇದನ್ನು ನನ್ನ ಗಂಡನಿಗೂ ಹೇಳಿದ್ದೇನೆ.

ಅವನು ಹೇಳಿದಂತೆಯೇ ಮಾಡಿದ. ತಂದ ಸೀರೆ, ಹೂವು ಕಾರಿನೊಳಗೆ ವಾಪಸ್ಸು ಹೋದವು. ಅಪ್ಪ ಕಂಬಕ್ಕೆ ಒರಗಿ ಕೂತುಬಿಟ್ಟರು. ಊರಿಗೆ ಏನು ಹೇಳುವುದು ಎಂಬುದು ಅವರ ಚಿಂತೆ. ನನಗೋ ಕುಣಿಯುವಷ್ಟು ಸಂತೋಷ. ಅಡಗಿಸಲು ಎಷ್ಟು ಪ್ರಯತ್ನಪಟ್ಟರೂ ನಗು ತುಟಿ ಮೀರಿ ಬರುತ್ತಿತ್ತು. ದೊಡ್ಡಪ್ಪ ಆ ನಗುವನ್ನು ನೋಡಿದರು. ಅಪ್ಪನ ಪಕ್ಕದಲ್ಲಿ ಹೋಗಿ ಕೂತರು.

“ಆ ಹುಡುಗಂಗೆ ಬ್ಯಾರೆ ಕಡೆ ಮನಸೈತೆ, ಬಿಡು. ನಿನ್ನ ಮಗಳನ್ನ ನೋಡು. ಹೊಟ್ಟೆಯಾಗಿನ ಸಂಕಟ ತೋರ್ಸಬಾರ್ದು ಅಂತ ನಗ್ತಾಳೆ. ಹಿಂಗೇ ಮನೆಯಾಗೆ ಬಿಟ್ರೆ ಕೊರಗಿ ಕೊರಗಿ ಏನಾದ್ರೂ ಆದೀತು. ಒಂದೆರಡು ವರ್ಷ ಎಲ್ಲಾದ್ರೂ ದೂರ ಕಳ್ಸು, ಮರೀತಾಳೆ. ಅದೇನೋ ಮೈಸೂರು ಅಂತಿದ್ಲಲ್ಲ.”

ಅಪ್ಪ ತಲೆ ಎತ್ತಿದರು. ಊರಿಗೆ ಹೇಳಲು ಒಂದು ಮಾತು ಸಿಕ್ಕಿತ್ತು. ಶುಕ್ರವಾರ ಬೆಳಗ್ಗೆ ದೊಡ್ಡಪ್ಪನೇ ನನ್ನ ಪೆಟ್ಟಿಗೆಯನ್ನು ಬಸ್ಸಿಗೆ ಹಾಕಿ, “ಅಳಬ್ಯಾಡವ್ವ, ಅವ್ನಪ್ಪನಂಥೋನು ಸಿಗ್ತಾನೆ,” ಎಂದು ಸಮಾಧಾನ ಮಾಡಿದರು. ಅಳುತ್ತಿದ್ದವರು ಯಾರು ಎಂದು ನಾನು ಸುತ್ತ ನೋಡಿದೆ. ಅಂತೂ ಶನಿವಾರ ಮಧ್ಯಾಹ್ನ ಮೈಸೂರಿನಲ್ಲಿ ಸೇರಿಕೊಂಡೆ.

ಇಡೀ ಬಸವಾಪಟ್ಟಣದ ಪ್ರಕಾರ ನಾನು ಮನಃಶಾಸ್ತ್ರ ಓದಿದ್ದು ಜಗಳೂರಿನ ಹುಡುಗನನ್ನು ಮರೆಯಲಿಕ್ಕೆ. ಎಷ್ಟೋ ವರ್ಷದ ಮೇಲೆ ನನ್ನಿಷ್ಟದವರನ್ನೇ ನ್ಯಾಮತಿಯಲ್ಲಿ ಮದುವೆಯಾದಾಗಲೂ, ಪಂಕ್ತಿಯಲ್ಲಿ ಬಡಿಸುತ್ತಿದ್ದ ದೊಡ್ಡಪ್ಪ ನನ್ನ ಎಲೆಯ ಮುಂದೆ ನಿಂತು, “ಅಂತೂ ಗಟ್ಟಿ ಮನಸು ಮಾಡಿದ್ಯಲ್ಲವ್ವ,” ಎಂದು ಕಣ್ಣು ತುಂಬಿಕೊಂಡರು. ಈ ಕಥೆಯನ್ನು ನಾನು ಸಹೋದ್ಯೋಗಿಗಳಿಗೆ ನೂರು ಸಲ ಹೇಳಿ ನಗಿಸಿದ್ದೇನೆ. ಮಿದುಳಿನ ಒಂದು ಭಾಗ ಬೆಳೆಯದೇ ಉಳಿದರೂ ಮನುಷ್ಯ ಊರಿಗೆಲ್ಲ ಬುದ್ಧಿ ಹೇಳಿಕೊಂಡು ಸುಖವಾಗಿರಬಹುದು ಎಂಬುದಕ್ಕೆ ಅವರು ನನ್ನ ಉದಾಹರಣೆ.

ಈ ಬೇಸಿಗೆಯಲ್ಲಿ ಅವರು ಹಾಸಿಗೆ ಹಿಡಿದಿದ್ದಾರೆಂದು ಗೊತ್ತಾಗಿ ನೋಡಲು ಹೋದೆ. ಅಪ್ಪ ಹೋಗಿ ಮೂರು ವರ್ಷವಾಗಿತ್ತು. ದೊಡ್ಡಪ್ಪ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮೈ ಇಳಿದಿತ್ತು, ಕಣ್ಣು ಮಾತ್ರ ಹಾಗೇ ಇತ್ತು. ಈ ಮನುಷ್ಯ ತಪ್ಪು ತಿಳಿದುಕೊಂಡೇ ಹೋಗಿಬಿಡುವುದು ಬೇಡ, ಒಮ್ಮೆಯಾದರೂ ಸರಿಯಾದದ್ದು ಗೊತ್ತಾಗಲಿ ಎನ್ನಿಸಿತು. ಅದರಲ್ಲಿ ಸ್ವಲ್ಪ ಕರುಣೆಯಿತ್ತು, ಸ್ವಲ್ಪ ಮೇಷ್ಟ್ರ ಚಾಳಿಯೂ ಇತ್ತು.

“ದೊಡ್ಡಪ್ಪ, ಆ ಜಗಳೂರಿನ ಹುಡುಗನ ವಿಷಯ. ನನಗೆ ಅವ್ನ ಮ್ಯಾಲೆ ಮನಸೇ ಇರ್ಲಿಲ್ಲ. ನಾನು ಬ್ಯಾಡ ಅಂದಿದ್ದು ಬ್ಯಾಡ ಅಂತಾನೇ.”

“ಗೊತ್ತೈತಲ್ಲವ್ವ,” ಅಂದರು.

“ಯಾವಾಗ ಗೊತ್ತಾತು?”

“ಅವತ್ತೇ. ನೀನು ಗಡಿಯಾರ ನೋಡಿದ್ದು ನನಗೆ ಕಾಣಾಕಿಲ್ಲೇನು? ಮೂವತ್ತೆಂಟು ವರ್ಷ ಬರೀ ಕಣ್ಣು ನೋಡಿ ಸೀರೆ ಮಾರಿದೋನು ನಾನು.”

ನಾನು ಮಂಚದ ಅಂಚಿಗೆ ಕೂತೆ. “ಮತ್ತೆ ಒಪ್ಪ್ಯಾಳೆ ಅಂತ ಯಾಕೆ ಹೇಳಿದ್ರಿ?” ಎಂದು ಕೇಳಿದೆ.

“ನನ್ನ ಕೇಳಾಕೆ ಬಂದಿದ್ದು ನೀನಲ್ಲಲ್ಲ, ನಿಮ್ಮಪ್ಪ. ಅವ್ನ ಮನಸಿನಾಗೆ ಏನೈತೆ ಅಂತ ನೋಡ್ದೆ. ಹೂಂ ಅನ್ನಿಸ್ಕೊಂಡು ಹೋಗಾಕೆ ಬಂದಿದ್ದ. ಹೂಂ ಅಂದೆ. ಎಲ್ರೂ ಅದಕ್ಕೇ ಬರೋರು.” ಉಸಿರು ತೆಗೆದುಕೊಂಡು ಮುಂದುವರಿಸಿದರು. “ಆ ಹುಡುಗ ಬ್ಯಾಡ ಅಂದ್ಮ್ಯಾಲೆ ನಿಮ್ಮಪ್ಪಂಗೆ ಮುಖ ಉಳಿಸ್ಕಳಾಕೆ ಒಂದು ಮಾತು ಬೇಕಿತ್ತು. ಅದನ್ನೂ ಕೊಟ್ಟೆ. ಅದ್ರಾಗೆ ನಿಂದೂ ಆತು. ಒಳ್ಳೇದೇ ಆತು.”

ನನಗೆ ಬಂದದ್ದು ಸಿಟ್ಟು. ಹದಿನಾರು ವರ್ಷ ತಡವಾಗಿ ಬಂದ ಸಿಟ್ಟು. ನಾನು ಅತ್ತದ್ದು, ಮಾತು ಬಿಟ್ಟದ್ದು, ತಟ್ಟೆ ತಳ್ಳಿದ್ದು, ಕೊನೆಗೆ ಜಗಲಿಗೆ ಹೋಗಿ ಸುಳ್ಳು ಒಪ್ಪಿಗೆ ಕೊಟ್ಟದ್ದು, ಎಲ್ಲದರ ಅರ್ಥವೂ ಈ ಮನುಷ್ಯನಿಗೆ ಕೂಡಲೇ ತಿಳಿದಿತ್ತು. ಬೆಳೆದಿಲ್ಲವೆಂದು ನಾನು ನಕ್ಕ ಆ ಭಾಗ ನಮ್ಮೆಲ್ಲರಿಗಿಂತ ಚೆನ್ನಾಗಿಯೇ ಬೆಳೆದಿತ್ತು. ಇನ್ನೊಬ್ಬರ ಮನಸ್ಸು ಗೊತ್ತಾಗುವುದು ಬೇರೆ, ಗೊತ್ತಾದ ಮೇಲೆ ಅದಕ್ಕೆ ಬೆಲೆ ಕೊಡುವುದು ಬೇರೆ. ಎರಡನೆಯದು ಮಿದುಳಿನ ಯಾವ ಮೂಲೆಯಲ್ಲಿದೆ ಎಂದು ನಮ್ಮ ಪುಸ್ತಕದಲ್ಲಿ ಹೇಳಿಲ್ಲ.

“ಆ ಹುಡುಗ ನನ್ನ ಕೇಳದೇ ಇದ್ದಿದ್ರೆ?” ಅಂದೆ.

ದೊಡ್ಡಪ್ಪ ನನ್ನ ಮುಖವನ್ನೇ ನೋಡಿದರು. ಅವರಿಗೆ ನನ್ನ ಸಿಟ್ಟು ಕಂಡಿತ್ತು, ಅದರ ಕೆಳಗಿದ್ದ ಹೆದರಿಕೆಯೂ ಕಂಡಿತ್ತು ಎಂದು ನನಗೆ ಈಗ ಅನುಮಾನವಿಲ್ಲ.

“ಕೇಳದೇ ಇದ್ದಿದ್ರೆ ನೀನೀಗ ಜಗಳೂರಾಗಿರ್ತಿದ್ದೆ,” ಅಂದರು. “ನಾನು ಯಾವಾಗಾದ್ರೂ ಬಂದು ‘ಹೆಂಗಿದೀಯವ್ವ’ ಅಂತ ಕೇಳ್ತಿದ್ದೆ. ‘ಚೆನ್ನಾಗಿದೀನಿ ದೊಡ್ಡಪ್ಪ’ ಅಂತಿದ್ದೆ ನೀನು. ನಾನು ನಂಬಿದಂಗೆ ಮಾಡಿ, ಊಟ ಮಾಡ್ಕೊಂಡು ಬರ್ತಿದ್ದೆ.”